ತಿಪ್ಪೆಗೆ ಕುಡಿಸಿದ ಮಳೆ

ನಂಜನಗೂಡಿನಿಂದ ನರಸೀಪುರದ ಕಡೆಗೆ ಗಾಡಿದಾರಿಯಲ್ಲಿ ಒಂದು ಹರದಾರಿ ನಡೆದರೆ ಎಡಕ್ಕೆ ಒಂದು ಇಳಿಜಾರು ಸಿಗುತ್ತಿತ್ತು. ಮೇಲೆ ಕಲ್ಲುನೆಲ, ನಡುವೆ ಎಂಟು ಗೊಬ್ಬರದ ಗುಂಡಿಗಳು, ತಳದಲ್ಲಿ ಕಪಿಲೆಯನ್ನು ಸೇರುವ ಒಂದು ಸಣ್ಣ ಹಳ್ಳ. ಗುಂಡಿಗಳ ಪಕ್ಕದಲ್ಲಿ, ವಾಸನೆ ಬರದ ಕಡೆ ಎಂದು ಆರಿಸಿ ಕಟ್ಟಿದ ನನ್ನ ಗುಡಿಸಲು. ಗಾಳಿಗೆ ಆ ಆಯ್ಕೆ ಒಪ್ಪಿಗೆಯಾಗಲಿಲ್ಲ. ಗುಂಡಿಗಳು ಎಂಟೇ ಇದ್ದವೋ ಏಳೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ಹಳ್ಳ ಇದ್ದದ್ದು ನಿಜ. ಅದರಲ್ಲಿ ಒಂದು ಒರತೆ ಇದ್ದದ್ದೂ ನಿಜ.

ಆಗ ನನಗೆ ಇಪ್ಪತ್ತೆರಡು ವರ್ಷ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದೆ. ನರಸೀಪುರದ ಮನೆಯಲ್ಲಿ ಯಾರೂ ಬೈಯಲಿಲ್ಲ, ಅದೇ ತಡೆಯಲಾಗಲಿಲ್ಲ. ನಂಜನಗೂಡಿನ ಒಬ್ಬ ಜಮೀನುದಾರರು ಹೊಸ ಬೇಸಾಯದ ವಿಷಯ ಪತ್ರಿಕೆಯಲ್ಲಿ ಓದಿ, ಊರಿನ ಕಸದಿಂದ ಗೊಬ್ಬರ ಮಾಡುವ ಏರ್ಪಾಡು ಮಾಡಿದ್ದರು. ಛತ್ರಗಳ ಎಂಜಲೆಲೆ, ಗುಡಿಯಿಂದ ಬಂದ ಬಾಡಿದ ಹೂವು, ಗಾಡಿ ನಿಲ್ಲುವ ಬಯಲಿನ ಸಗಣಿ, ಒಲೆಯ ಬೂದಿ, ಇವೆಲ್ಲ ಗಾಡಿಯಲ್ಲಿ ಬಂದು ಗುಂಡಿಗಳಲ್ಲಿ ಪದರ ಪದರವಾಗಿ ಬೀಳುತ್ತಿದ್ದವು. ಪದರಕ್ಕೆ ಕೋಲು ಇಳಿಸಿ ಅಳೆದು, ಯಾವ ಗುಂಡಿ ಯಾವಾಗ ತುಂಬಿತು, ಯಾವಾಗ ಮಗುಚಿದ್ದಾಯಿತು ಎಂದು ಬರೆದಿಡಲು ಅವರಿಗೆ ಒಬ್ಬ ರೈಟರ್ ಬೇಕಾಗಿದ್ದ. ನಾನು ಹೋದೆ.

ಗೊಬ್ಬರದ ವಾಸನೆ ಒಂದು ತಿಂಗಳಲ್ಲಿ ನನ್ನ ಮೂಗಿಗೆ ಸತ್ತುಹೋಯಿತು. ಆಮೇಲೆ ಅದನ್ನು ನಾನು ತಿಳಿಯುತ್ತಿದ್ದದ್ದು ಬೇರೆಯವರ ಮುಖಗಳಿಂದ. ಸೋಮವಾರ ನಂಜನಗೂಡಿಗೆ ಹೋಗಿ ಹೊಳೆಯಲ್ಲಿ ಮಿಂದು, ಒಗೆದ ಪಂಚೆ ಉಟ್ಟು, ಊಟದ ಮನೆಯ ಪಂಕ್ತಿಯಲ್ಲಿ ಕೂತರೆ ಪಕ್ಕದವನು ಎಲೆಯನ್ನು ಮೆಲ್ಲಗೆ ಅತ್ತ ಎಳೆದುಕೊಳ್ಳುತ್ತಿದ್ದ. ಬಡಿಸುವವರು ನನ್ನ ಎಲೆಯನ್ನು ಜಗುಲಿಯ ಕೊನೆಗೆ ಹಾಕತೊಡಗಿದರು. ತಪ್ಪು ಅವರದ್ದಲ್ಲ. ಸ್ವಲ್ಪ ದಿನದಲ್ಲಿ ಸೋಮವಾರಗಳೂ ನಿಂತವು. ಗುಡಿಸಲಿನಲ್ಲಿ ಮುದ್ದೆ ಬೇಯಿಸಿಕೊಂಡು, ಗುಂಡಿಗಳಿಂದ ಏಳುವ ಆವಿ ನೋಡುತ್ತಾ ಕೂರುತ್ತಿದ್ದೆ. ಚಳಿಗಾಲದ ಬೆಳಗ್ಗೆ ಎಂಟು ಗುಂಡಿಗಳೂ ಉಸಿರಾಡುತ್ತವೆ. ಅವುಗಳ ಜೊತೆ ಮಾತನಾಡಿದ್ದೂ ಉಂಟು.

ಮನುಷ್ಯರೆಂದರೆ ಇಬ್ಬರೇ. ಮೂರು ದಿನಕ್ಕೊಮ್ಮೆ ಕಸ ತರುವ, ಹದಿನಾರು ಎಂಬ ಊರಿನ ಗಾಡಿಯವನು, ಮತ್ತು ಹಳ್ಳಕ್ಕೆ ನೀರಿಗೆ ಬರುವ ಹೆಂಗಸು.

ಹೆಂಗಸು ಹಳ್ಳದ ಕೆಳಗಡೆ ಇದ್ದ ಕೇರಿಯವಳು. ಊರ ಬಾವಿಗೆ ಹಗ್ಗ ಇಳಿಸುವ ಹಾಗಿಲ್ಲದ ಕೇರಿ ಅದು. ಹಳ್ಳದ ಮರಳನ್ನು ಮೊಣಕೈ ಆಳ ಬಗೆದರೆ ನೀರು ತಿಳಿಯಾಗಿ ಒಸರುತ್ತದೆ. ಅದೇ ಒರತೆ. ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡ ತುಂಬಬೇಕು. ಒಂದು ಕೊಡಕ್ಕೆ ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು. ಕೇರಿಯ ಹತ್ತು ಹನ್ನೆರಡು ಮನೆಗೂ ಅದೇ ನೀರು.

ಅವಳು ನನ್ನ ಜೊತೆ ಮೊದಲು ಮಾತಾಡಿದ್ದು ಒಂದು ದೂರು ಹೇಳಲು. ಗುಡಿಸಲಿನಿಂದ ಹತ್ತು ಮಾರು ದೂರದಲ್ಲಿ ನಿಂತು, ಕೊಡ ಇಳಿಸದೆ ಹೇಳಿದಳು: "ಓದ್ ವರ್ಸ ನಿಮ್ ಗುಂಡಿ ತೋಡಿದ್ ಮೇಲೆ ಮೊದಲ್ ಮಳೆಗೆ ಒರತೇಲಿ ಕಪ್ ನೀರು ಬಂತು ಬುದ್ಧಿ. ಮೂಗಿಡಕ್ಕಾಗ್ನಿಲ್ಲ. ನಮ್ಗಿರದು ಇದೊಂದೇಯ."

ಈ ಸಲ ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಗುಂಡಿಗಳ ಕೆಳಗಡೆ ಎದೆಯೆತ್ತರಕ್ಕೆ ಒಂದು ಮಣ್ಣಿನ ಬದ ಹಾಕಿಸಿದರೆ ಆಯಿತು ಎಂದುಕೊಂಡು ಕೂಲಿಯವರನ್ನು ಕರೆಸಿದೆ. ಅವಳು ಎರಡು ದಿನ ಆ ಕೆಲಸ ನೋಡಿ ಮೂರನೆಯ ದಿನ ನಕ್ಕಳು.

"ಕೆಳೀಕೆ ಎಷ್ಟ್ ಎತ್ರ ಬದ ಆಕಿದ್ರೂವೆ, ಮೇಲ್ನಿಂದ ನುಗ್ಗಿದ್ರೆ ಒಡ್ಕಂಡು ಓಯ್ತದೆ. ಮೇಲ್ನೀರ ಗುಂಡಿ ಮುಟ್ಟಕ್ಕೆ ಬುಡ್ಬ್ಯಾಡಿ."

ನನ್ನ ಓದು ಕಲಿಸದೇ ಇದ್ದದ್ದು ಇದು. ಗುಂಡಿಯ ಮೇಲೆ ನೆಟ್ಟಗೆ ಬೀಳುವ ಮಳೆ ಹೆಚ್ಚಿಗೆ ಕೆಡಿಸುವುದಿಲ್ಲ. ಅಷ್ಟನ್ನು ಗೊಬ್ಬರವೇ ಹೀರುತ್ತದೆ. ಕೆಡಿಸುವುದು ನೆತ್ತಿಯ ಕಲ್ಲುನೆಲದಿಂದ ಹರಿದು ಬರುವ ಒಳ್ಳೆಯ ನೀರು. ಅದು ಗುಂಡಿಯೊಳಗೆ ಇಳಿದು ಕಪ್ಪಾಗಿ ಹೊರಗೆ ಬರುತ್ತದೆ. ಆದ್ದರಿಂದ ಗುಂಡಿಗಳ ಮೇಲ್ಗಡೆ ಅಡ್ಡಕ್ಕೆ ಒಂದು ಕಾಲುವೆ ತೋಡಿಸಿ, ಅದರ ಕೆಳಬದಿಗೆ ಮಣ್ಣಿನ ಏರಿ ಹಾಕಿಸಿ, ಆ ನೀರು ಗುಂಡಿಗಳನ್ನು ಬಳಸಿಕೊಂಡು ಹೋಗುವ ಹಾಗೆ ಮಾಡಿದೆ. ಕೆಳಗಡೆ ಗುಂಡಿಗಳು ಬೆವರುವ ರಸಕ್ಕೆ ಒಂದು ಹೊಂಡ. ಅದು ತುಂಬಿದಾಗ ಬಾನಿಯಲ್ಲಿ ತುಂಬಿ ಮತ್ತೆ ಗೊಬ್ಬರದ ಮೇಲೆಯೇ ಹುಯ್ಯುವುದು. ಹೊಂಡದ ಆಚೆ ಹಳ್ಳದವರೆಗೂ ಗರಿಕೆ, ಲಾವಂಚ ನಾಟಿ ಮಾಡಿಸಿದೆ. ಯಜಮಾನರು ಒಮ್ಮೆ ಬಂದು ನೋಡಿ, ಗೊಬ್ಬರ ಮಾಡು ಎಂದರೆ ತೋಟ ಮಾಡುತ್ತಿದ್ದೀಯಲ್ಲ ಎಂದು ಹೇಳಿ ಹೋದರು.

ಆ ಬೇಸಿಗೆ ನನ್ನ ಬದುಕಿನಲ್ಲಿ ಬೆಳಗ್ಗೆ ಎನ್ನುವುದು ಇತ್ತು. ಅವಳು ಬಂದು, ಕಾಲುವೆ ಎಷ್ಟು ದೂರ ಬಂತು ಎಂದು ನೋಡಿ, ಇಲ್ಲಿ ಆಳ ಸಾಲದು, ಅಲ್ಲಿ ತಿರುವು ಜೋರಾಯಿತು ಎಂದು ಹೇಳಿ ಹೋಗುತ್ತಿದ್ದಳು. ನಾಲ್ಕೇ ಮಾತು. ಉಳಿದ ದಿನವೆಲ್ಲ ನಾನು ಆ ನಾಲ್ಕು ಮಾತನ್ನು ತಿರುಗಿಸಿ ಮುರುಗಿಸಿ ಕೇಳಿಕೊಳ್ಳುತ್ತಿದ್ದೆ.

ಭರಣಿ ಮಳೆ ಹುಟ್ಟುವ ಹೊತ್ತಿಗೆ ಕೆಲಸವೆಲ್ಲ ಮುಗಿದಿತ್ತು. ಅವತ್ತು ನಾನು ಗುಡಿಸಲಿನಲ್ಲಿ ಗುಂಡಿಗಳ ಲೆಕ್ಕದ ಪುಸ್ತಕ ಬರೆಯುತ್ತಿದ್ದೆ. ಗಾಡಿಯವನು ಕಸ ಇಳಿಸಿದ. ತಿಪ್ಪೆ ಭರಣಿಯ ಮೊದಲ ಮಳೆ ಕುಡಿಯಬೇಕು, ಇಲ್ಲದಿದ್ದರೆ ಗೊಬ್ಬರಕ್ಕೆ ಕಸುವು ಬರುವುದಿಲ್ಲ ಎಂಬುದು ಅವರ ಕಡೆಯ ನಂಬಿಕೆ. ಮನೆ ಹಿತ್ತಲಿನ ತಿಪ್ಪೆಗೆ ಆ ದಿನ ಏರಿ ಒಡೆದು ನೀರು ಬಿಡುವ ಪದ್ಧತಿ. ಅವನು ನನ್ನನ್ನು ಕೇಳದೆ ಮೇಲಿನ ಕಾಲುವೆಯ ಏರಿಯನ್ನು ಗುದ್ದಲಿಯಿಂದ ಒಡೆದು ಗಾಡಿ ಹೊಡೆದುಕೊಂಡು ಹೋದ. ಇಳಿಹೊತ್ತಿಗೆ ಮಳೆ ಬಂದಾಗ ನನಗೆ ತಿಳಿಯಿತು.

ಇಷ್ಟನ್ನು ನಾನು ಹಲವಾರು ಸಲ, ಹಲವಾರು ಜನಕ್ಕೆ, ಇದೇ ಮಾತುಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣುಪಾಗಿದೆ. ಈಗಲೂ ಲೇಖನಿ ತಾನಾಗಿಯೇ ಬರೆದುಬಿಟ್ಟಿತು. ಅದು ಸುಳ್ಳು. ಹೊಡೆದುಹಾಕಬಹುದಾಗಿತ್ತು, ಬಿಟ್ಟಿದ್ದೇನೆ, ಏಕೆಂದರೆ ಅದರಲ್ಲಿ ಪದ್ಧತಿಯ ಮಾತು ನಿಜ, ಮಳೆ ನಿಜ, ಗುದ್ದಲಿಯೂ ನಿಜ. ಗುದ್ದಲಿ ಹಿಡಿದ ಕೈ ಮಾತ್ರ ಬೇರೆ.

ನಡೆದದ್ದು ಹೀಗೆ. ಗಾಡಿಯವನು ಅವತ್ತು ಕಸದ ಜೊತೆ ಒಂದು ಬಟ್ಟೆಯ ಗಂಟು ತಂದಿದ್ದ. ಬಿಚ್ಚಿದರೆ ಹುರುಳಿಯ ಗುಗ್ಗರಿ, ಇನ್ನೂ ಬೆಚ್ಚಗಿತ್ತು. ಅವನ ಮನೆಯವಳು ತಿಪ್ಪೆಯ ಹಬ್ಬಕ್ಕೆಂದು ಬೇಯಿಸಿದ್ದು. ಗುಂಡಿಯ ಅಂಚಿನಲ್ಲಿ ನಾಲ್ಕು ಹೂವು ಇಟ್ಟು, ಗುಗ್ಗರಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ನನ್ನ ಕಡೆ ನೂಕಿದ. ಆಮೇಲೆ ಗುದ್ದಲಿಯ ಕಾವನ್ನು ನನ್ನ ಕಡೆ ತಿರುಗಿಸಿ ಹಿಡಿದ.

"ತಿಪ್ಪೆ ಮನೆಯೋನೇ ಮೊದ್ಲು ಏಟು ಆಕ್ಬೇಕು, ರೈಟ್ರೇ. ನಮ್ಮನೇಲಿ ನಮ್ಮಪ್ಪ ಆಕ್ತಿದ್ದ. ಇಲ್ಲಿ ನೀವೇ ಕಣ್ರೀ."

ಕಾಲುವೆ ಏಕೆ ತೋಡಿಸಿದ್ದೆಂದು ಅವನಿಗೆ ಹೇಳಬಹುದಾಗಿತ್ತು. ಹಿತ್ತಲಿನ ತಿಪ್ಪೆಗೂ ಇಡೀ ಊರಿನ ಕಸ ತುಂಬಿದ ಎಂಟು ಗುಂಡಿಗಳಿಗೂ ಇರುವ ವ್ಯತ್ಯಾಸ ನನಗೆ ಗೊತ್ತಿತ್ತು. ಆದರೆ ನನ್ನ ಎದುರಿಗೆ ಕೂತು, ಮೂಗು ಮುರಿಯದೆ, ನನ್ನ ಜೊತೆ ಒಂದೇ ಬಟ್ಟೆಯ ಮೇಲಿನಿಂದ ತಿನ್ನುವವನು ವರ್ಷದ ಮೇಲೆ ಸಿಕ್ಕಿದ್ದ. ನನ್ನನ್ನು ಒಂದು ಮನೆಯ ಯಜಮಾನನ ಹಾಗೆ ಕರೆದಿದ್ದ. ಒಂದೇ ಒಂದು ಏಟು, ಶಾಸ್ತ್ರಕ್ಕೆ, ಮೋಡ ಇನ್ನೂ ದೂರ ಇದೆ, ತಿಂದಾದ ಮೇಲೆ ಮುಚ್ಚಿದರಾಯಿತು ಎಂದುಕೊಂಡೆ. ಗುದ್ದಲಿ ಎತ್ತಿ ಏರಿಗೆ ಹಾಕಿದೆ. ಅವನು ಭೇಷ್ ಎಂದ. ಇಬ್ಬರೂ ಗುಗ್ಗರಿ ತಿಂದೆವು. ಅವನ ಎತ್ತುಗಳ ಕಥೆ, ಅವನ ಅಳಿಯನ ಸೋಮಾರಿತನದ ಕಥೆ ಎಲ್ಲ ಕೇಳಿದೆ. ಅವನು ಹೋದ ಮೇಲೂ ನಾನು ಅಲ್ಲೇ ಕೂತು ಉಳಿದ ಕಾಳುಗಳನ್ನು ಒಂದೊಂದಾಗಿ ತಿನ್ನುತ್ತಿದ್ದೆ. ಮುಚ್ಚುವುದು ಮರೆಯಿತು. ಮರೆಯಿತು ಎಂದು ಬರೆದಿದ್ದೇನೆ. ಸೋಮಾರಿತನವೂ ಇರಬಹುದು, ಸಂತೋಷವೂ ಇರಬಹುದು.

ಇಳಿಹೊತ್ತಿಗೆ ಮಳೆ ಒಂದೇ ಸಲಕ್ಕೆ ಸುರಿಯಿತು. ನಾನು ಗುದ್ದಲಿ ಹಿಡಿದು ಓಡುವಷ್ಟರಲ್ಲಿ ನನ್ನ ಒಂದು ಏಟಿನ ಗಾಯ ಗಾಡಿ ಹಾಯುವಷ್ಟು ಅಗಲವಾಗಿತ್ತು. ನೆತ್ತಿಯ ನೀರೆಲ್ಲ ಕಾಲುವೆ ಬಿಟ್ಟು ಗುಂಡಿಗಳಿಗೆ ಬಿದ್ದಿತ್ತು. ಮಣ್ಣು ಎಳೆದೆ, ಮಣ್ಣು ನಿಲ್ಲಲಿಲ್ಲ. ಕಲ್ಲು ಇಟ್ಟೆ, ಕಲ್ಲು ಉರುಳಿತು. ಕೆಳಗಡೆ ರಸದ ಹೊಂಡ ತುಂಬಿ ಉಕ್ಕಿತು. ಬದ ಸ್ವಲ್ಪ ಹೊತ್ತು ತಡೆದು, ಬಾಗಿ, ಕುಸಿಯಿತು. ಎಳೆಯ ಗರಿಕೆಯ ಮೇಲೆ ಕಪ್ಪು ನೀರು ನೊರೆ ಕಟ್ಟಿಕೊಂಡು, ಹೂವಿನ ಎಸಳು, ಎಲೆಯ ಚೂರು ಹೊತ್ತುಕೊಂಡು, ಹಳ್ಳಕ್ಕೆ ಇಳಿಯಿತು. ಅದರ ಹಿಂದೆಯೇ ಓಡಿದೆ. ಓಡಿ ಏನು ಮಾಡಬೇಕೆಂದಿದ್ದೆನೋ ತಿಳಿಯದು.

ಮಾರನೆಯ ಬೆಳಗ್ಗೆ ಅವಳು ಬಂದಳು. ಒರತೆ ಇದ್ದ ಕಡೆ ಕಪ್ಪು ಗಸಿ ಕೂತಿತ್ತು. ಅವಳು ಮರಳು ಬಗೆದು, ಚಿಪ್ಪಿನಲ್ಲಿ ಒಂದಿಷ್ಟು ಮೊಗೆದು, ಮೂಸಿ, ಚೆಲ್ಲಿದಳು. ಹಳ್ಳದಿಂದ ಗುಂಡಿಗೆ, ಗುಂಡಿಯಿಂದ ಕಾಲುವೆಗೆ, ನೀರು ಬಂದ ದಾರಿಯನ್ನು ಹಿಂದಕ್ಕೆ ನಡೆದು, ಒಡೆದ ಏರಿಯ ಹತ್ತಿರ ಕೂತು ಅದರ ಒಂದು ಅಂಚನ್ನು ಮುಟ್ಟಿ ನೋಡಿದಳು. ಯಾರು ಒಡೆದದ್ದು ಎಂದು ಕೇಳಿದಳು. ಮಳೆ ಎಂದೆ.

"ಮಳೆ ಕೊರುದ್ರೆ ಅಂಚು ಹಿಂಗಿರಕಿಲ್ಲ ಬುದ್ಧಿ. ಇದು ಗುದ್ಲಿ ಏಟು."

ಗಾಡಿಯವನು ಎಂದೆ.

ಅವಳು ಎದ್ದು ಕೈಯ ಮಣ್ಣು ಕೊಡವಿದಳು. ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಹಳ್ಳದ ಮೇಲ್ದಿಕ್ಕಿಗೆ ನಡೆದಳು. ನನ್ನ ಗುಂಡಿಗಳಿಗಿಂತ ಮೇಲಕ್ಕೆ, ತಿರುವಿನ ಆಚೆ, ಕೇರಿಯಿಂದ ಮೂರರಷ್ಟು ದೂರದಲ್ಲಿ ಹೊಸ ಒರತೆ ಬಗೆದರು ಎಂದು ಆಮೇಲೆ ಗೊತ್ತಾಯಿತು. ಕೇರಿಯ ಹೆಂಗಸರೆಲ್ಲ ಆ ದಾರಿಯನ್ನೇ ಹಿಡಿದರು. ಅದು ನನ್ನ ಗುಡಿಸಲಿನ ಹತ್ತಿರ ಹಾಯುತ್ತಿರಲಿಲ್ಲ.

ಒಮ್ಮೆ ಹೇಳಿದ ಸುಳ್ಳನ್ನು ಯಜಮಾನರಿಗೂ ಹೇಳಬೇಕಾಯಿತು. ರಸವೆಲ್ಲ ತೊಳೆದುಹೋದ ಗೊಬ್ಬರ ನೋಡಿ ಅವರಿಗೆ ಸಿಟ್ಟು ಬಂದಿತ್ತು. ಹಳ್ಳದ ವಿಷಯ ಅವರು ಕೇಳಲೇ ಇಲ್ಲ. ಹದಿನಾರಿನ ಗಾಡಿ ನಿಂತಿತು, ತಾಂಡವಪುರದಿಂದ ಬೇರೆ ಗಾಡಿ ಬಂತು. ಅದರವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಸ ಸುರಿದು ಹೋಗುತ್ತಿದ್ದ. ಹಳೆಯ ಗಾಡಿಯವನು ಒಂದು ದಿನ ಹುಲ್ಲು ಹೇರಿಕೊಂಡು ದಾರಿಯಲ್ಲಿ ಹಾದುಹೋಗುವುದು ಕಂಡಿತು. ದಾರಿಯವರೆಗೂ ಹೋಗಿ ಕೂಗಿದೆ. ಅವನು ಎತ್ತುಗಳನ್ನು ನಿಲ್ಲಿಸಲಿಲ್ಲ, ತಿರುಗಿ ನೋಡಿದ.

"ಗುಗ್ಗರಿ ತಿಂದದ್ದು ಇಬ್ರೂವೆ, ರೈಟ್ರೇ."

ಅಷ್ಟೇ. ಅದರಲ್ಲಿ ಸಿಟ್ಟು ಇತ್ತೆಂದು ನನಗೆ ಅನ್ನಿಸಲಿಲ್ಲ.

ಆ ಮಳೆಗಾಲವೆಲ್ಲ ನಾನೊಬ್ಬನೇ ಕೆಲಸ ಮಾಡಿದೆ. ಕಾಲುವೆಯ ಏರಿಗೆ ಒಳಗಡೆ ಕಲ್ಲು ಕೊಟ್ಟೆ. ಹೊಂಡವನ್ನು ಎರಡರಷ್ಟು ಮಾಡಿದೆ. ಕೊಚ್ಚಿಹೋದ ಗರಿಕೆಯ ಜಾಗಕ್ಕೆ ಹೊಳೆದಂಡೆಯಿಂದ ಲಾವಂಚದ ಬುಡಗಳನ್ನು ಹೊತ್ತು ತಂದು ಒತ್ತೊತ್ತಾಗಿ ನೆಟ್ಟೆ. ಪ್ರತಿ ಮಳೆಯಲ್ಲೂ ಗೋಣಿಕೊಪ್ಪೆ ಹಾಕಿಕೊಂಡು ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದೆ. ಮೇಲಿನ ನೀರು ಗುಂಡಿಗಳನ್ನು ಮುಟ್ಟದೆ ಕೆಂಪಗೆ ಬಳಸಿಕೊಂಡು ಹೋಗುವುದನ್ನು ನೋಡಿ, ಯಾರಿಗೋ ತೋರಿಸುವವನ ಹಾಗೆ ಹಿಂದಕ್ಕೆ ತಿರುಗುತ್ತಿದ್ದೆ.

ಮುಂದಿನ ಬೇಸಿಗೆಗೆ ಹಳೆಯ ಜಾಗದಲ್ಲೇ ಮರಳು ಬಗೆದೆ. ಮೊದಲ ದಿನದ ನೀರು ಚೆಲ್ಲಿದೆ, ಎರಡನೆಯ ದಿನದ್ದೂ ಚೆಲ್ಲಿದೆ. ಮೂರನೆಯ ದಿನ ತಳದ ಹರಳು ಕಂಡಿತು. ವಾಸನೆ ಇರಲಿಲ್ಲ, ಆದರೆ ನನ್ನ ಮೂಗನ್ನು ನಂಬುವ ಹಾಗಿರಲಿಲ್ಲ. ಕುಡಿದು, ವಾರ ಕಾದೆ. ಏನೂ ಆಗಲಿಲ್ಲ. ಕೇರಿಯ ಅಂಚಿಗೆ ಹೋಗಿ ನಿಂತೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಒರತೆ ತಿಳಿಯಾಗಿದೆ, ನಾನೇ ಕುಡಿಯುತ್ತಿದ್ದೇನೆ ಎಂದು ಹೇಳಿದೆ. ಏರಿ ಒಡೆದವನು ನಾನೇ ಎಂದೂ ಹೇಳಿದೆ. ಹೇಳಿದೆ ಎಂದೇ ನನ್ನ ನೆನಪು. ಆದರೆ ಅವಳು ಉತ್ತರ ಕೊಟ್ಟದ್ದು ಮೊದಲ ಮಾತಿಗೆ ಮಾತ್ರ, ಹಾಗಾಗಿ ಎರಡನೆಯದು ಬಾಯಿಂದ ಹೊರಗೆ ಬಂದಿತ್ತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಇಲ್ಲ.

"ನೀರು ತಿಳಿಯಾಗಿರ್ಬೋದು ಬುದ್ಧಿ," ಎಂದಳು, ಮೊರದಿಂದ ಕಣ್ಣೆತ್ತದೆ. "ಕಾಲು ಆ ಕಡೀಕೆ ಒಗ್ಗೋಯ್ತು."

ಇನ್ನೂ ಎರಡು ವರ್ಷ ಅಲ್ಲಿದ್ದೆ. ಆಮೇಲೆ ಯಜಮಾನರು ನನ್ನನ್ನು ನರಸೀಪುರದ ಕಡೆಯ ಗದ್ದೆಗಳ ಉಸ್ತುವಾರಿಗೆ ಕಳಿಸಿದರು. ನನ್ನ ಜಾಗಕ್ಕೆ ಬಂದವನಿಗೆ ಒಂದು ಬೆಳಗ್ಗೆ ಎಲ್ಲವನ್ನೂ ತೋರಿಸಿದೆ: ಅಳೆಯುವ ಕೋಲು, ಗುಂಡಿಗಳು, ಹೊಂಡ, ಆಳೆತ್ತರ ಬೆಳೆದ ಲಾವಂಚ. ಹಳ್ಳಕ್ಕೆ ಇಳಿದಾಗ ಅವನು ಒರತೆಯನ್ನೂ ಅದರ ಪಕ್ಕದ ಚಿಪ್ಪನ್ನೂ ನೋಡಿ, ಇಲ್ಲಿ ಯಾರು ನೀರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ.

ನಾನು ಎಂದೆ.

ಅವನು ತಲೆಯೆತ್ತಿ ಗುಂಡಿಗಳನ್ನು ಒಮ್ಮೆ ನೋಡಿದ. ತನಗೆ ಕುಡಿಯುವ ನೀರು ಊರಿನಿಂದಲೇ ಬರುವ ಏರ್ಪಾಡು ಆಗಿದೆ ಎಂದ. ಆಗಲಿ ಎಂದು, ಭರಣಿಗೆ ಮೊದಲು ಮೇಲಿನ ಕಾಲುವೆಯನ್ನು ಒಂದು ಸಲ ಕೆರೆಸಬೇಕು, ಎಡಗಡೆಯ ತಿರುವಿನಲ್ಲಿ ಹೂಳು ಹೆಚ್ಚು ಎಂದು ಅವನಿಗೆ ಇನ್ನೊಮ್ಮೆ ಹೇಳಿ, ದಾರಿಗೆ ಹತ್ತಿದೆ.