ಸಮುದ್ರದ ದಡದಲ್ಲಿ ಕೊಬ್ಬರಿ ಅಟ್ಟ

೧೯೯೧ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಹಿರಿಯೂರಿನ ಶಾಲೆಯಿಂದ ನೇರವಾಗಿ ಅಪ್ಪನ ಕೊಬ್ಬರಿ ಅಟ್ಟ ಹತ್ತಿದವನು ಮತ್ತೆ ಇಳಿಯಲಿಲ್ಲ. ಹಾಗಾಗಿ ಭೂಪಟದಲ್ಲಿ ಟಾಂಜಾನಿಯಾ ಎಲ್ಲಿದೆ ಎಂದು ಯಾವ ಮೇಷ್ಟ್ರೂ ನನಗೆ ತೋರಿಸಿರಲಿಲ್ಲ. ಅದು ಎಂಥ ದೇಶವೆಂದು ತೋರಿಸಿಕೊಟ್ಟಿದ್ದು ಒಂದು ಅಂಗಿ. ತಾಂಗಾ ಎಂಬ ಈ ಬಂದರಿನ ಊರಿಗೆ ಬಂದ ಮೊದಲ ಸಂಜೆ ಅಂಗಿ ಒಗೆದು ಹಗ್ಗದ ಮೇಲೆ ಹಾಕಿ ಮಲಗಿದೆ. ಬೆಳಿಗ್ಗೆ ಮುಟ್ಟಿದರೆ ಹಾಕಿದಾಗಿನಷ್ಟೇ ಒದ್ದೆ. ಮಳೆ ಬಂದಿರಲಿಲ್ಲ. ಡಬ್ಬಿಯ ಉಪ್ಪು ನೀರಾಡುತ್ತಿತ್ತು, ಬೆಂಕಿಕಡ್ಡಿ ಗೀರಿದರೆ ಮದ್ದು ಮೆತ್ತಗೆ ಉದುರಿತು. ನಮ್ಮಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಂಚೆ ಒಣಗಿ ಹಪ್ಪಳವಾಗಿರುತ್ತದೆ.

"ಅಣ್ಣ, ಈ ಊರು ಬೆವರ್ತೈತೆ," ಎಂದ ತಿಪ್ಪೇಸ್ವಾಮಿ. ತುರುವನೂರಿನವನು; ನಮ್ಮ ಅಟ್ಟದಲ್ಲಿ ಕಾಯಿ ಸುಲಿದೇ ಕೂದಲು ಬೆಳ್ಳಗೆ ಮಾಡಿಕೊಂಡವನು, ನನ್ನನ್ನು ನಂಬಿ ಜೊತೆಗೆ ಬಂದಿದ್ದ.

ನಾನು ನಕ್ಕೆ. ನಗಬಾರದಿತ್ತು.

ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ನಿಮಗೆ ಗೊತ್ತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಅಲುಗಿಸಿದರೆ ಗಡಗಡ ಎನ್ನಬೇಕು. ಆ ಸದ್ದಿನ ಮೇಲೆಯೇ ನಮ್ಮ ಮನೆ ನಿಂತಿತ್ತು.

ಚಿತ್ರದುರ್ಗದಲ್ಲಿ ವ್ಯಾಪಾರಸ್ಥರ ಸಭೆಯೊಂದಕ್ಕೆ ಹೋಗಿದ್ದೆ. ಕೋಟು ತೊಟ್ಟವರೊಬ್ಬರು ಪರದೆಯ ಮೇಲೆ ಗೆರೆ ತೋರಿಸಿದರು; ಎಲ್ಲ ಗೆರೆಗಳೂ ಮೇಲಕ್ಕೇ ಹೋಗುತ್ತಿದ್ದವು. ಆಫ್ರಿಕಾ ಈಗ ಏಳುತ್ತಿರುವ ಮಾರುಕಟ್ಟೆ, ಅಲ್ಲಿ ಕಾಲೂರಿದವನಿಗೆ ದುಬೈ ಬಾಗಿಲು ತಾನಾಗಿ ತೆರೆಯುತ್ತದೆ ಎಂದರು. ತಾಂಗಾದಲ್ಲಿ ಕಾಯಿಗೆ ಬರವಿಲ್ಲ, ಬಂದರು ಪಕ್ಕದಲ್ಲೇ ಇದೆ, ಉಂಡೆ ಕೊಬ್ಬರಿ ಮಾಡುವವರು ಮಾತ್ರ ಯಾರೂ ಇಲ್ಲವಂತೆ. ಕಾಲೇಜು ಓದಿದವರು ಕೈಕಟ್ಟಿ ಕೂತಿದ್ದಾಗ ನಾನು ಎದ್ದು ನಿಂತೆ. ಹಿರಿಯೂರಿನ ಅಟ್ಟವನ್ನು ಹೊಸದುರ್ಗದ ವ್ಯಾಪಾರಿಯೊಬ್ಬರಿಗೆ ಮಾರಿ, ಆ ದುಡ್ಡಿನಲ್ಲಿ ಇಲ್ಲಿ ಅಟ್ಟ ಕಟ್ಟಿದೆ. ಇದು ಕೈಹಿಡಿಯದಿದ್ದರೆ ಹೋಗಿ ಹತ್ತಲು ಇನ್ನೊಂದು ಅಟ್ಟ ಇರಲಿಲ್ಲ.

ಬಾಡಿಗೆ ಮನೆ ಸಿಕ್ಕಿತು, ತಗಡಿನ ಸೂರು, ಎರಡು ಕೋಣೆ. ಇಲ್ಲಿಯವರು ಉಗಾಲಿ ತಿನ್ನುತ್ತಾರೆ. ನೋಡಲು ನಮ್ಮ ಮುದ್ದೆಯ ಬಿಳಿ ತಮ್ಮ, ಮೆಕ್ಕೆಜೋಳದ ಹಿಟ್ಟಿನದು. ಮೊದಲ ದಿನ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡೆ. ಅದನ್ನು ಅಗಿಯಬೇಕಂತೆ. ಸ್ವಾಹಿಲಿ ಮಾತನ್ನು ಸಂತೆಯಲ್ಲೇ ಕಲಿತೆ. ಎಳನೀರಿಗೆ ದಾಫು ಎನ್ನುತ್ತಾರೆ. ನಮ್ಮ ಉಂಡೆ ಕೊಬ್ಬರಿಯಂತೆ ಒಳಗೇ ಒಣಗಿ ಚಿಪ್ಪು ಬಿಟ್ಟ ಕಾಯಿಗೂ ಎಂಬಾಟಾ ಎಂಬ ಹೆಸರಿದೆ ಎಂದು ತಿಳಿದಾಗ ಕುಣಿದಾಡುವಷ್ಟು ಖುಷಿಯಾಯಿತು. ಹೆಸರಿದ್ದ ಮೇಲೆ ವಸ್ತು ಆಗಿಯೇ ಆಗುತ್ತದೆ ಅಂದುಕೊಂಡೆ. ಉಗುರಿನಲ್ಲಿ ತಟ್ಟಿ ಕಾಯಿ ಎಷ್ಟು ಬಲಿತಿದೆ ಎಂದು ಹೇಳುತ್ತಿದ್ದ ನನ್ನನ್ನು ಸಂತೆಯವರು 'ಫುಂಡಿ' ಎಂದು ಕರೆಯತೊಡಗಿದರು. ಕಸುಬು ಬಲ್ಲವನು ಎಂದರ್ಥ. ಆ ದಿನ ಬೀದಿಯಲ್ಲಿ ಎದೆಯೆತ್ತಿ ನಡೆದೆ.

ಅಟ್ಟ ತುಂಬಿದ ದಿನ ಪಕ್ಕದ ಮನೆಯ ಜುಹುರಾ ನೋಡಲು ಬಂದಳು. ಮನೆಮುಂದೆ ಅನ್ನ, ಮೀನಿನ ಸಾರು ಮಾರುವ ವಿಧವೆ. ಯಾವಾಗ ಇಳಿಸುತ್ತೀ ಎಂದು ಕೇಳಿದಳು. ಮುಂದಿನ ವರ್ಷ ಎಂದೆ.

"ಹೆಂಗಸಿಗೆ ಮಗು ಹೆರಲು ಒಂಬತ್ತು ತಿಂಗಳು ಸಾಕು. ನಿನ್ನ ತೆಂಗಿನಕಾಯಿ ಏನು ಹೆರುತ್ತದೆ?" ಎಂದು ಬೀದಿಯ ಹೆಂಗಸರನ್ನೆಲ್ಲ ಕರೆದು ನಗಿಸಿದಳು.

ಐದನೇ ತಿಂಗಳು, ಮಧ್ಯಾಹ್ನ. ತಿಪ್ಪೇಸ್ವಾಮಿ ಅಟ್ಟದ ಮೇಲಿಂದ ಕೂಗಿದ: "ಅಣ್ಣ, ಬರ್ರಿ ಇಲ್ಲಿ!" ಏಣಿಗೆ ಕಾಲಿಟ್ಟೆ. ಮತ್ತೆ ಕೂಗಿದ: "ಬ್ಯಾಡ, ಬರಬ್ಯಾಡ್ರಿ."

ಹತ್ತಿದೆ. ತಗಡಿನ ಸಂದಿಯಿಂದ ಬರುತ್ತಿದ್ದ ಬೆಳಕಿನ ಕಡೆಗೆ ಕತ್ತು ಚಾಚಿ, ಸಾಲುಸಾಲಾಗಿ, ಹಸಿರು ಮೊಳಕೆಗಳು ನಿಂತಿದ್ದವು. ಕೆಲವು ಎಲೆ ಬಿಚ್ಚಿದ್ದವು. ತಳದ ರಾಶಿಗೆ ಕೈ ಹಾಕಿ ಒಂದು ಕಾಯಿ ಅಲುಗಿಸಿದೆ. ಸದ್ದಿಲ್ಲ. ಒಡೆದರೆ ಲೋಳೆ, ನಾತ. ಇನ್ನೊಂದು, ಮತ್ತೊಂದು. ಎಲ್ಲವೂ ಅದೇ.

"ಅಟ್ಟದ ಮ್ಯಾಲೆ ತೋಟ ಆಗೈತಣ್ಣ," ಎಂದ ತಿಪ್ಪೇಸ್ವಾಮಿ.

ಒಣಗದ ಅಂಗಿಯನ್ನು ದಿನಾ ಬೆಳಿಗ್ಗೆ ಬೈದು ತೊಟ್ಟುಕೊಂಡವನು ನಾನು. ಅದೇ ಗಾಳಿ ಅಟ್ಟದ ಮೇಲೂ ಬೀಸುತ್ತದೆ ಎಂದು ಹೊಳೆಯಲಿಲ್ಲ. ಮೂವತ್ತು ವರ್ಷ ಕೊಬ್ಬರಿ ಮಾಡಿದ್ದು ನನ್ನ ಕೈ ಎಂದುಕೊಂಡಿದ್ದೆ. ಅರ್ಧ ಮಾಡಿದ್ದು ಹಿರಿಯೂರಿನ ಒಣಗಾಳಿ. ಅದನ್ನು ಹಡಗಿಗೆ ಹಾಕಿಕೊಂಡು ಬರಲಾಗುವುದಿಲ್ಲ. ಹೊಗೆ ಹಾಕಿ ಒಣಗಿಸಿದ್ದರೆ ಎಣ್ಣೆಗೆ ಹೋಗುತ್ತಿತ್ತು. ಹೊಗೆ ನಾತದ ಕೊಬ್ಬರಿಯನ್ನು ನಮ್ಮ ಗಿರಾಕಿ ಮೂಸಿಯೂ ನೋಡುವುದಿಲ್ಲ.

ಇಲ್ಲಿ ಯಾರಾದರೂ ಎಡವಿದರೆ, ದುಃಖದಲ್ಲಿದ್ದರೆ, ದಾರಿಹೋಕರೂ 'ಪೋಲೆ' ಎನ್ನುತ್ತಾರೆ. ಅಯ್ಯೋ ಪಾಪ ಎಂದ ಹಾಗೆ. ನಮ್ಮಲ್ಲಿ ಬಿದ್ದವನನ್ನು ನೋಡಿ ಮೊದಲು ನಗುತ್ತಾರೆ, ಆಮೇಲೆ ಎತ್ತುತ್ತಾರೆ. ಅಂದು ಜುಹುರಾ ನಗಲಿಲ್ಲ. "ಪೋಲೆ, ಫುಂಡಿ," ಎಂದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೆಂಡತಿ ಶಾಂತಾಳಿಗೆ ಫೋನಿನಲ್ಲಿ ಹೇಳಿದೆ. ಹೊಳಲ್ಕೆರೆಯವಳು, ಸುತ್ತಿ ಬಳಸಿ ಮಾತಾಡುವವಳಲ್ಲ.

"ಬಂದ್ಬಿಡ್ರಿ. ಮುದ್ದೆ ಐತೆ, ಸಾರು ಐತೆ."

"ಯಾವ ಮುಖ ಇಟ್ಕಂಡು ಬರ್ಲೇ?"

"ಇರೋದೊಂದೇ ಮುಖ. ಅದನ್ನೇ ಇಟ್ಕಂಡು ಬರ್ರಿ."

ನಾನು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ನಮ್ಮ ಅಟ್ಟದ ಮುಂದೆಯೇ ಮನೆಗೆ ನಡೆಯಬೇಕು. ಅದರ ಬಾಗಿಲಿಗೆ ಈಗ ಇನ್ನೊಬ್ಬರ ಬೀಗ. ತಿಪ್ಪೇಸ್ವಾಮಿಯನ್ನು ಮಾತ್ರ ಕಳಿಸಿದೆ.

"ನೀವೂ ಬರ್ರಿ, ಹೋಗಾಣ. ಇಲ್ಲೇನೈತಣ್ಣ?" ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಕೇಳಿದ.

"ಅಲ್ಲೇನೈತೆ, ನೀನೇ ಹೇಳು."

ಅವನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡ. "ಗಾಳಿ ಐತಣ್ಣ," ಎಂದ.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಲ್ಲಿ ಗಾಳಿ ನನ್ನದು, ಅಟ್ಟ ನನ್ನದಲ್ಲ. ಇಲ್ಲಿ ಅಟ್ಟ ನನ್ನದು, ಗಾಳಿ ನನ್ನದಲ್ಲ. ಹಗಲೆಲ್ಲ ಮಂಡಿಯಲ್ಲಿ ಬೇರೆಯವರ ಕಾಯಿ ಸುಲಿಯುತ್ತೇನೆ. ಅಪ್ಪನ ಅಟ್ಟದಲ್ಲಿ ಮೊದಲು ಕಲಿತ ಕೆಲಸ. ಸಂತೆಯವರು ಈಗಲೂ ಫುಂಡಿ ಎಂದೇ ಕರೆಯುತ್ತಾರೆ, ಕುಹಕವಿಲ್ಲದೆ. ನಾನು ತಿರುಗಿ ನೋಡುವುದಿಲ್ಲ. ಮೊಳೆತ ಕಾಯಿಗಳನ್ನು ಬೀದಿಯವರು ಕೇಳಿ ಒಯ್ದು ನೆಟ್ಟರು. ಅವು ಫಲ ಕೊಡುವ ಹೊತ್ತಿಗೆ ನಾನು ಎಲ್ಲಿರುತ್ತೇನೋ, ಇರುತ್ತೇನೋ ಇಲ್ಲವೋ.

ಈಗ ನನ್ನಲ್ಲಿರುವುದು ಇಷ್ಟು. ಖಾಲಿ ಅಟ್ಟ ಒಂದು. ಕಾಯಿ ಸುಲಿಯುವ ಹಾರೆ ಒಂದು. ಒಣಗದ ಅಂಗಿ ಮೂರು. ಜುಹುರಾಳ ಅಂಗಳದಲ್ಲಿ ನನ್ನದಲ್ಲದ ಸಸಿ ನಾಲ್ಕು. ಮಾದರಿಗೆಂದು ಊರಿನಿಂದ ತಂದಿದ್ದ ಹಿರಿಯೂರಿನ ಕಾಯಿ ಒಂದು. ಅಲುಗಿಸಿದರೆ ಇನ್ನೂ ಗಡಗಡ ಎನ್ನುತ್ತದೆ.