ಕುಂಕುಮ ಹಚ್ಚಿದ ಹಲ್ಲುಚಕ್ರ

ನನ್ನ ಮದುವೆಯಲ್ಲಿ ಭಟ್ಟರು ಹೇಳಿಸಿದ ಮಂತ್ರಗಳಲ್ಲಿ ಒಂದೂ ನನಗೀಗ ನೆನಪಿಲ್ಲ. ಆದರೆ ಕಾರಿನ ಹಿಂದಿನ ಅಚ್ಚಿನೊಳಗೆ ಹಲ್ಲುಚಕ್ರಗಳು ಹೇಗೆ ಕೂರಬೇಕು ಎಂಬುದು ಮಾತ್ರ ಬಾಯಿಪಾಠ. ಕೇಳುವವರು ಸಿಕ್ಕರೆ ಬಾಳೆಲೆಯ ಮೇಲೆ ಅನ್ನದ ಅಗುಳುಗಳನ್ನು ಜೋಡಿಸಿ ವಿವರಿಸಿಬಿಡುತ್ತೇನೆ. ಆದರೆ ನಾನು ಅಗುಳು ಜೋಡಿಸತೊಡಗಿದರೆ ಸಾಕು, ಪಂಕ್ತಿಯಲ್ಲಿದ್ದವರಿಗೆಲ್ಲ ಕೈತೊಳೆಯುವ ಅವಸರ ಹುಟ್ಟುತ್ತದೆ. ನೀವಾದರೂ ಕುಳಿತುಕೊಳ್ಳಿ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಶಿರಸಿಯಲ್ಲಿ ಕಾರು ಇಟ್ಟವರು ಬೆರಳೆಣಿಕೆಯ ಮಂದಿ, ಅವರಲ್ಲಿ ನನ್ನ ಸೋದರಮಾವ ಸುಬ್ರಾಯ ಹೆಗಡೆಯೂ ಒಬ್ಬ. ಅಳಿಯನನ್ನು ತನ್ನ ಕಾರಿನಲ್ಲೇ ಸಿದ್ದಾಪುರಕ್ಕೆ, ಹೆಣ್ಣಿನ ಮನೆಗೆ, ಕರೆದೊಯ್ಯಬೇಕೆಂಬುದು ಅವನ ಹಟ. ಮದುವೆ ಹತ್ತಿರ ಬಂತು ಎನ್ನುವಾಗ ಸರಿಯಾಗಿ ಕಾರು ಹಿಂಭಾಗದಿಂದ ಕಟಕಟ ಎನ್ನತೊಡಗಿತು. ಮೆಕ್ಯಾನಿಕ್ ಹುಸೇನ್ ಸಾಬರು ನಮ್ಮ ಮನೆಯಂಗಳದಲ್ಲೇ ಬಿಚ್ಚಿ ನೋಡಿದರೆ ಡಿಫರೆನ್ಶಿಯಲ್ಲಿನ ಹಲ್ಲುಗಳು ಮುರಿದು ಎಣ್ಣೆಯಲ್ಲಿ ಮುಳುಗಿದ್ದವು. ಹುಬ್ಬಳ್ಳಿಯಿಂದ ಬಸ್ಸಿನ ತಲೆಯ ಮೇಲೆ ಹೊಸ ಹಲ್ಲುಚಕ್ರಗಳು ಬಂದವು.

ಡಿಫರೆನ್ಶಿಯಲ್ ಎಂದರೆ ಗಾಬರಿ ಬೇಡ. ಮದುವೆಯಲ್ಲಿ ಗಂಡು ಹೆಣ್ಣು ಕೈಹಿಡಿದು ಅಗ್ನಿಗೆ ಸುತ್ತು ಬರುವುದನ್ನು ಕಂಡಿದ್ದೀರಲ್ಲ? ಒಳಬದಿಯವರದು ಸಣ್ಣ ಹೆಜ್ಜೆ, ಹೊರಬದಿಯವರದು ದೊಡ್ಡ ಹೆಜ್ಜೆ. ಕಾರು ತಿರುವಿನಲ್ಲಿ ಹೊರಳುವಾಗ ಎರಡು ಗಾಲಿಗಳದೂ ಇದೇ ಕಥೆ. ಅವು ತಮ್ಮ ತಮ್ಮ ವೇಗದಲ್ಲಿ ಉರುಳಿಯೂ ಜೊತೆ ಬಿಡದಂತೆ ನೋಡಿಕೊಳ್ಳುವುದು ಈ ಡಿಫರೆನ್ಶಿಯಲ್. ಇಂಜಿನ್ನಿನಿಂದ ಬಂದ ಪುಟ್ಟ ಚಕ್ರ ಒಂದು ದೊಡ್ಡ ಚಕ್ರವನ್ನು ಕಚ್ಚಿ ತಿರುಗಿಸುತ್ತದೆ. ಕಚ್ಚುವುದು ಬಿಗಿಯಾದರೆ ಕಿರುಚುತ್ತದೆ, ಸಡಿಲಾದರೆ ಹಲ್ಲು ಹೋಗುತ್ತದೆ.

ಹಲ್ಲು ಹದವಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಸಾಬರು ಹಲ್ಲಿಗೆ ಕೆಂಪು ಬಣ್ಣ ಬಳಿದು ತಿರುಗಿಸಿ ನೋಡುತ್ತಿದ್ದರು. ಅವತ್ತು ಬಣ್ಣ ಮುಗಿದಿತ್ತು. ನನ್ನ ಅಮ್ಮ ಹಿಂದೆಮುಂದೆ ನೋಡದೆ ಮದುವೆಗೆ ತಂದಿಟ್ಟ ಕುಂಕುಮವನ್ನೇ ಎಣ್ಣೆಯಲ್ಲಿ ಕಲಸಿ ಕೊಟ್ಟಳು. ತಿರುಗಿಸಿದರೆ ಹಲ್ಲುಹಲ್ಲಿನ ನಟ್ಟನಡುವೆ ಚೆಂದದ ಗುರುತು! ಅಮ್ಮ ಚಕ್ರಕ್ಕೆ ಕೈಮುಗಿದೇಬಿಟ್ಟಳು.

ಕೈಮುಗಿದದ್ದೇ ಎಡವಟ್ಟಾಯಿತು. ಕುಂಕುಮ ಒರೆಸಲು ಹೊರತೆಗೆದ ದೊಡ್ಡ ಚಕ್ರವನ್ನು ಸಾಬರು ಮೊದಲಿದ್ದಂತೆ ಪುಟ್ಟ ಚಕ್ರದ ಎಡಕ್ಕೆ ಇಡುವಾಗ ಮಾವ ಅಡ್ಡಬಂದ. "ತಡೀರಿ ಸಾಬ್ರೆ. ಕುಂಕುಮ ಹಚ್ಚಿ ಕೈಮುಗಿದ ಚಕ್ರ. ಶುಭಕಾರ್ಯಕ್ಕೆ ಹೊರಟದ್ದನ್ನ ಎಡಕ್ಕೆ ಇಡೂದ? ಬಲಕ್ಕಿಡಿ."

ಸಾಬರು ಇಟ್ಟು ನೋಡಿದರು. "ಕೂರ್ತದೆ ಹೆಗಡೇರೆ. ಹಲ್ಲು ಇನ್ನೂ ಚೆಂದ ಕಚ್ತದೆ," ಎಂದರು. ಅವರ ಕೈ ಪಳಗಿದ್ದು ಲಾರಿಗಳಲ್ಲಿ. ಆ ಲಾರಿಗಳಲ್ಲಿ ಚಕ್ರ ಒಂದೇ ಬದಿಗೆ ಕೂರುತ್ತಿದ್ದುದರಿಂದ ಎಡ ಬಲದ ಪ್ರಶ್ನೆಯೇ ಅವರಿಗೆ ಎದುರಾಗಿರಲಿಲ್ಲ.

ಕೆಲಸ ಮುಗಿದದ್ದು ಮದುವೆಯ ದಿನ ಬೆಳಿಗ್ಗೆ. ನೆಂಟರನ್ನೆಲ್ಲ ತುಂಬಿಕೊಂಡು ಬಸ್ಸು ಮುಂದೆ ಹೋಗಿಯಾಗಿತ್ತು. ಉಳಿದವರು ನಾನು, ಮಾವ, ಕಾರು ಬಿಡಲು ಬಂದ ಸಾಬರು. ಪೇಟ ಕಟ್ಟಿಕೊಂಡು ನಾನು ಹತ್ತಿ ಕುಳಿತೆ. ಸಾಬರು ಮೊದಲ ಗೇರು ಹಾಕಿದರು. ಕಾರು ಸರ್ರನೆ ಹಿಂದಕ್ಕೋಡಿ ಚಪ್ಪರದ ಕಂಬಕ್ಕೆ ಗುದ್ದಿತು! ಎರಡನೆಯದು ಹಾಕಿದರು, ಬೇಲಿಯೂ ಹೋಯಿತು. ಹೆದರುತ್ತ ಹೆದರುತ್ತ ರಿವರ್ಸ್ ಹಾಕಿದರೆ ಕಾರು ಹರಿಕಥೆ ದಾಸರ ಗತ್ತಿನಲ್ಲಿ ಮೆಲ್ಲಗೆ ಮುಂದೆ ಬಂತು.

"ಯಾ ಅಲ್ಲಾ! ಚಕ್ರ ಉಲ್ಟಾ ತಿರುಗ್ತಾ ಇದೆ ಹೆಗಡೇರೆ!"

ಬಲಕ್ಕಿಟ್ಟ ಚಕ್ರ ಅಪ್ರದಕ್ಷಿಣೆ ಹಾಕುತ್ತಿತ್ತು. ಬಿಚ್ಚಿ ಕಟ್ಟಲು ಹೊತ್ತಿಲ್ಲ, ಮುಹೂರ್ತ ತಪ್ಪುತ್ತದೆ. ರಿವರ್ಸಿನಲ್ಲೇ ಹೋಗೋಣವೆಂದರೆ ಊರು ದಾಟುವುದರೊಳಗೆ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು, ಇಂಜಿನ್ನಿನ ನೀರು ಕೊತಕೊತ ಕುದಿಯಿತು. ಕೊನೆಗೆ ಸಾಬರು ಕಾರನ್ನೇ ತಿರುಗಿಸಿದರು. ಮುಖ ಶಿರಸಿಗೆ, ಬೆನ್ನು ಸಿದ್ದಾಪುರಕ್ಕೆ. ಹಿಂದಕ್ಕೋಡಿಸುವ ಮೂರೂ ಗೇರು ಈಗ ನಮ್ಮವೇ!

ಅಬ್ಬಾ, ಏನು ಓಟ ಅದು! ಸಾಬರು ಕತ್ತು ಹೊರಳಿಸಿ ಕೂತರು. ಹಿಂದಿನ ಕಿಟಕಿಯಿಂದ ಮಾವ ತಲೆ ಹೊರಹಾಕಿ "ತಿರುವು! ಎಮ್ಮೆ! ಮತ್ತೊಂದು ಎಮ್ಮೆ!" ಎಂದು ಕೂಗಿದ. ಮುಂದಿನ ಸೀಟಿನಲ್ಲಿದ್ದ ನನಗೆ ಕಂಡದ್ದು ಬಿಟ್ಟುಬಂದ ರಸ್ತೆ ಮಾತ್ರ. ದಾರಿಬದಿಯ ಹೋಟೆಲಿನವನು ಸೌಟು ಹಿಡಿದೇ ಹೊರಗೆ ಬಂದು "ಕಾರಿಗೆ ತಿಕ್ಕಲು ಹಿಡಿದದೆ!" ಎಂದು ಬೊಬ್ಬೆ ಹೊಡೆದ. ಮದುಮಗ ಗಂಭೀರವಾಗಿರಬೇಕು ಎಂದು ಬಸ್ಸು ಹತ್ತುವಾಗ ಅಮ್ಮ ಬುದ್ಧಿ ಹೇಳಿದ್ದಳು. ನಾನು ಪೇಟ ಬಿದ್ದುಹೋಗುವಷ್ಟು ನಗುತ್ತಿದ್ದೆ.

ಸಿದ್ದಾಪುರದಲ್ಲಿ ನಗು ನಿಂತಿತು. ವಾದ್ಯದವರ ಜೊತೆ ಎದುರುಗೊಳ್ಳಲು ನಿಂತಿದ್ದ ಹೆಣ್ಣಿನ ಅಪ್ಪ ಮೊದಲೇ ಹೊತ್ತಾಯಿತೆಂದು ಕಂಗಾಲಾಗಿದ್ದರು. ಅವರಿಗೆ ಕಂಡದ್ದು ಶಿರಸಿಯತ್ತ ಮುಖಮಾಡಿ ನಿಂತ ಕಾರು. ಓಡಿಬಂದು ಮಾವನ ಮುಂದೆ ಕೈಮುಗಿದರು. "ಭಾವಯ್ಯಾ, ಮಾಣಿ ವಾಪಸ್ ಹೊಂಟ್ನ? ಎಂಗಳಿಂದ ಎಂತ ತಪ್ಪಾತು?"

ಮಾವ ಕುಂಕುಮ, ಬಲಬದಿ, ಹಲ್ಲು ಎಂದು ಏನೇನೋ ತೊದಲಿದ. ಆ ಮನುಷ್ಯನ ಕಣ್ಣು ತುಂಬಿತ್ತು. ನಾನು ಇಳಿದು ಅವರ ಕೈ ಹಿಡಿದುಕೊಂಡು, ನಾನು ಬಂದಿದ್ದೇನೆಂದು ನಮ್ಮ ಮನೆಮಾತಿನಲ್ಲೇ ಹೇಳಿದೆ. "ಮಾವಯ್ಯ, ಆನು ಬೈಂದಿ. ಗಾಡಿ ಮುಖ ಮಾತ್ರ ಅತ್ಲಾಗಿದ್ದು."

ಅವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ವಾದ್ಯ ಮೊಳಗಿತು. ಮುಹೂರ್ತವೂ ತಪ್ಪಲಿಲ್ಲ. ಮಾರನೆಯ ದಿನ ಹೆಣ್ಣಿನ ಮನೆಯ ಚಪ್ಪರದ ಬದಿಯಲ್ಲೇ ಸಾಬರು ಚಕ್ರವನ್ನು ಎಡಕ್ಕೆ ಕೂರಿಸಿದರು. ಬಾಗಿಲ ಸಂದಿಯಿಂದ ನನ್ನ ಮಾತು ಕೇಳಿಸಿಕೊಂಡಿದ್ದ ಮದುಮಗಳು ಮಾತ್ರ ಅದನ್ನು ಮರೆಯಲಿಲ್ಲ.

ಈಗಲೂ ಒಮ್ಮೊಮ್ಮೆ ಜಗಳವಾಡಿ, ಇನ್ನು ಈ ಮನೆಯಲ್ಲಿ ಒಂದು ಗಳಿಗೆಯೂ ಇರೆನೆಂದು ಚಪ್ಪಲಿ ಮೆಟ್ಟಿ, ಬೀದಿಗೆ ಮುಖಮಾಡಿ ನಿಲ್ಲುತ್ತೇನೆ. ಒಳಗಿಂದ ಅವಳ ದನಿ ಬರುತ್ತದೆ. "ಮುಖ ಅತ್ಲಾಗಿದ್ರೆ ಎಂತಾತು, ಬಪ್ಪದು ಇತ್ಲಾಗೇಯ. ಕೈಕಾಲು ತೊಳ್ಕಳಿ, ಬಡಸ್ತೆ."

ನಾನು ಚಪ್ಪಲಿ ಬಿಡುತ್ತೇನೆ.