ಕೆಂದನ ಹೊಟ್ಟೆಯ ಪಿಎಚ್ ನಾಲ್ಕು

ನಮ್ಮ ಪಶು ಆಸ್ಪತ್ರೆಯ ಬೋರ್ಡಿನ ಮೇಲೆ ಬಳ್ಳಾರಿ ಜಿಲ್ಲೆ ಎಂಬುದನ್ನು ಅಳಿಸಿ ವಿಜಯನಗರ ಜಿಲ್ಲೆ ಎಂದು ಬರೆಸಿದ ಮರುವರ್ಷದ ಮಾತು. ಆಗ ನಾನು ಕೊಟ್ಟೂರು ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿ. ಅದಕ್ಕೂ ಮುಂಚೆ ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಸುತ್ತಿ ಬಂದಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಡಾಕ್ಟ್ರಮ್ಮನ ಕೈ ಚಲೋ, ಬಾಯಿ ಜೋರು ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಬೈಯದೆ ಏನು ಮಾಡಲಿ? ದನ ನೆಲ ಹಿಡಿದ ಮೇಲೆ ನನ್ನನ್ನು ಕರೆಯುತ್ತಿದ್ದರು.

ವರ್ಷದಲ್ಲಿ ನಾನು ಹೆದರುತ್ತಿದ್ದದ್ದು ಒಂದೇ ಹಬ್ಬಕ್ಕೆ, ಕಾರಹುಣ್ಣಿಮೆಗೆ. ಅದರ ಹಿಂದಿನ ದಿನ ಹೊನ್ನುಗ್ಗಿ. ಅಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೊಟ್ಟೆ ತುಂಬ ಹುಗ್ಗಿ ತಿನ್ನಿಸುತ್ತಾರೆ. ಬಿತ್ತನೆ ಮುಂದಿರುತ್ತದೆ, ದುಡಿಯುವ ಜೀವ ಉಣ್ಣಲಿ ಎಂಬ ಪ್ರೀತಿ. ಹಿಂದೆ ಇಡಿ ಜೋಳ ಬೇಯಿಸಿ ಹಾಕುತ್ತಿದ್ದರು, ಅದೂ ಅಳತೆಯಲ್ಲಿ. ಈಗ ಮನೆಮನೆಯಲ್ಲೂ ಮೆಕ್ಕೆಜೋಳ. ಗಿರಣಿಯಲ್ಲಿ ನುಚ್ಚು ಒಡೆಸಿ, ಬೆಲ್ಲ ಹಾಕಿ ಕುದಿಸಿದರೆ ಎತ್ತು ಬೋಗುಣಿಯ ತಳ ನೆಕ್ಕುತ್ತದೆ. ಒಡೆದು ಬೇಯಿಸಿದ ಕಾಳು ಎತ್ತಿನ ದೊಡ್ಡ ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ. ಹುಲ್ಲು ಕರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಜೀವಿಗಳೇ ತುಂಬಿಕೊಳ್ಳುತ್ತವೆ. ಆಮೇಲೆ ಆ ಆಮ್ಲ ರಕ್ತಕ್ಕೆ ಇಳಿಯುತ್ತದೆ.

ಆ ವರ್ಷ ಕಾರಹುಣ್ಣಿಮೆಯ ಬೆಳಿಗ್ಗೆ ಉಜ್ಜಿನಿ ರಸ್ತೆಯ ಒಂದು ಹಳ್ಳಿಯಿಂದ ಕೊಟ್ರಪ್ಪ ಫೋನ್ ಮಾಡಿದ. ಊರಿನ ಹೆಸರು ಬೇಡ. ಅವನ ಜೋಡಿ ನನಗೆ ಗೊತ್ತಿತ್ತು, ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರು ಮಾಡಿದ ಎತ್ತುಗಳು. ಒಂದು ಬಿಳಿಯ, ಇನ್ನೊಂದು ಕೆಂದ. ಕೆಂದ ಹುಟ್ಟಿದಾಗ ತಾಯಿ ಹಸು ಸತ್ತುಹೋಗಿತ್ತು. ಕೊಟ್ರಪ್ಪನ ಹೆಂಡತಿ ನೀಲಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಅವಳು ಹಿತ್ತಲಲ್ಲಿ ಕೆಮ್ಮಿದರೂ ಅದು ಕೊಟ್ಟಿಗೆಯಿಂದ ದನಿಗೊಡುತ್ತಿತ್ತು.

ನಾನೂ ನಮ್ಮ ಆಸ್ಪತ್ರೆಯ ಪರಿವೀಕ್ಷಕ ಹನುಮಂತಪ್ಪನೂ ಹೋಗುವಷ್ಟರಲ್ಲಿ ಕೆಂದ ಕಾಲು ಮಡಚಿ ಕೂತುಬಿಟ್ಟಿತ್ತು. ಕಣ್ಣು ಒಳಗೆ ಹೋಗಿತ್ತು, ಕಿವಿ ತಣ್ಣಗಿತ್ತು, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಹಲ್ಲು ಕಡಿಯುತ್ತಿತ್ತು. ಆ ಸದ್ದು, ಕಲ್ಲಿನ ಮೇಲೆ ಕಲ್ಲು ತೇದ ಹಾಗೆ, ಈಗಲೂ ಒಮ್ಮೊಮ್ಮೆ ಸುಮ್ಮನೆ ಕೂತಾಗ ನನಗೆ ಕೇಳಿಸುತ್ತದೆ. ಬಿಳಿಯ ಇನ್ನೂ ನಿಂತಿತ್ತು, ಆದರೆ ಎಡಪಕ್ಕೆಗೆ ಗುದ್ದಿದರೆ ಒಳಗೆ ನೀರು ತುಳುಕುತ್ತಿತ್ತು.

ಏನೇನು ಕೊಟ್ಟಿರಿ ಎಂದು ಕೇಳಿದೆ. ಎರಡಕ್ಕೂ ಸಮನಾಗಿ ಹುಗ್ಗಿ ಹಾಕಿದ್ದೆ ಎಂದ ಕೊಟ್ರಪ್ಪ. ನಾನು ದನಿ ಏರಿಸಿದ ಮೇಲೆ ನೀಲಮ್ಮ ಹೇಳಿದಳು: ಎಲ್ಲರೂ ಉಂಡಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಒಂದು ಬೋಗುಣಿ ತುಂಬಿ ಕೆಂದನ ಮುಂದೆ ಇಟ್ಟಿದ್ದಳಂತೆ. ಬೆಳಿಗ್ಗೆ ಅದು ಏಳದಿದ್ದಾಗ ಕೊಟ್ರಪ್ಪ, ಹೊಟ್ಟೆ ತಣ್ಣಗಾಗಲಿ ಎಂದು ಬಿದಿರಿನ ಗೊಟ್ಟದಲ್ಲಿ ಹುಳಿ ಮಜ್ಜಿಗೆ ಕುಡಿಸಿದ್ದ. ಹುಳಿಗೆ ಹುಳಿ. ನಾನು ಇಬ್ಬರಿಗೂ ಚೆನ್ನಾಗಿ ಬೈದೆ.

ಸೂಜಿ ಹಾಕಿ ಎರಡೂ ಎತ್ತಿನ ಹೊಟ್ಟೆಯ ರಸ ತೆಗೆದು ಪಿಎಚ್ ಕಾಗದದ ಮೇಲೆ ಬಿಟ್ಟೆ. ಬಿಳಿಯನ ಕಾಗದ ಹಳದಿ ಮಿಶ್ರಿತ ಕಿತ್ತಳೆಗೆ ತಿರುಗಿತು: ಐದು. ಕೆಂದನದು ಗಾಢ ಕಿತ್ತಳೆ: ನಾಲ್ಕು.

ಪಿಎಚ್ ಎಂದರೆ ಆಮ್ಲ ಅಳೆಯುವ ಮಾಪಕ, ಸೊನ್ನೆಯಿಂದ ಹದಿನಾಲ್ಕರವರೆಗೆ. ಏಳು ನಡುವಿನದು, ಶುದ್ಧ ನೀರಿನದು. ಕೆಳಗಿಳಿದಷ್ಟೂ ಹುಳಿ ಹೆಚ್ಚು. ಒಂದು ಲೀಟರಿನಲ್ಲಿ ಹೈಡ್ರೋಜನ್ ಅಯಾನು 0.00001 ಮೋಲ್ ಇದ್ದರೆ ಪಿಎಚ್ ಐದು, 0.0001 ಮೋಲ್ ಇದ್ದರೆ ನಾಲ್ಕು. ಅಂದರೆ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. ಅಂಕಿಗಳು ಸಮನಾದ ಮೆಟ್ಟಿಲಿನಂತೆ ಕಾಣುತ್ತವೆ, ಸಮನಲ್ಲ. ಆರೋಗ್ಯವಂತ ಎತ್ತಿನ ಹೊಟ್ಟೆ ಆರೂವರೆಯ ಆಸುಪಾಸು ಇರುತ್ತದೆ. ಐದರಲ್ಲಿ ಹೊಟ್ಟೆ ಕೊಯ್ದು ಕಾಳು ತೆಗೆದರೆ ಆಸೆ ಇರುತ್ತದೆ. ನಾಲ್ಕಕ್ಕೆ ಇಳಿದು, ಕಾಲು ಸೋತು, ಮೈ ತಣ್ಣಗಾದ ಎತ್ತು ಕತ್ತಿಯನ್ನು ತಾಳುವುದಿಲ್ಲ.

ಕೊಯ್ಯುವವಳು ನಾನೊಬ್ಬಳೇ. ಒಂದು ಶಸ್ತ್ರಚಿಕಿತ್ಸೆಗೆ ಹತ್ತಿರ ಹತ್ತಿರ ಎರಡು ತಾಸು ಬೇಕು. ಕೂಡ್ಲಿಗಿಯ ವೈದ್ಯರಿಗೆ ಫೋನ್ ಮಾಡಿದರೆ ಅವರು ಇಂಥದ್ದೇ ಕೇಸಿಗೆ ಹರಪನಹಳ್ಳಿ ಕಡೆ ಹೋಗಿದ್ದರು. ನನ್ನ ಹತ್ತಿರ ಇದ್ದ ಸಲೈನ್ ಬಾಟಲಿಗಳು ಒಂದು ಎತ್ತಿಗೆ ಸಾಲುವುದೇ ಕಷ್ಟ. ಬಿಳಿಯನನ್ನು ಬೇವಿನ ಮರಕ್ಕೆ ಕಟ್ಟಲು ಹೇಳಿದೆ.

ನೀಲಮ್ಮ ಅಡ್ಡ ಬಂದಳು. "ಡಾಕ್ಟ್ರಮ್ಮಾರ, ಮೊದ್ಲು ಕೆಂದಗ ಮಾಡ್ರಿ. ಅದಕ್ಕ ಭಾಳ ಆಗೇತಿ." ಆಗುವುದಿಲ್ಲವೆಂದೆ. ಯಾಕೆಂದಳು. ನಾನು ಎರಡೂ ಕಾಗದ ತೋರಿಸಿ ಐದು, ನಾಲ್ಕು ಎಂದೆ.

"ಬರೇ ಒಂದು ಅಂಕಿ ಕಮ್ಮಿ. ಅಷ್ಟಕ್ಕ ಬಿಟ್ಟುಬಿಡ್ತೀರೇನ್ರಿ?"

ಒಂದು ಅಂಕಿ ಎಂದರೆ ಹತ್ತು ಪಟ್ಟು ಹುಳಿಯಮ್ಮ ಎಂದು ವಿವರಿಸಿದೆ. ಅವಳು ಹೋಗಿ ಕೆಂದನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹನುಮಂತಪ್ಪ ಕೆಂದನಿಗೆ ಅಡುಗೆ ಸೋಡಾ ಕರಗಿಸಿದ ನೀರನ್ನು ನಳಿಗೆಯಿಂದ ಹೊಟ್ಟೆಗೆ ಇಳಿಸಿದ. ಅದಕ್ಕಿಂತ ಹೆಚ್ಚು ನಮ್ಮ ಕೈಲಿರಲಿಲ್ಲ.

ಬಿಳಿಯನ ಎಡಪಕ್ಕೆ ಮರಗಟ್ಟಿಸಿ, ಕೊಯ್ದು, ತೋಳಿನವರೆಗೂ ಕೈ ಹಾಕಿ ನುಚ್ಚು ತೆಗೆದು ಬಕೆಟ್ಟಿಗೆ ಹಾಕುತ್ತಿದ್ದೆ. ನನ್ನ ಬೆನ್ನ ಹಿಂದೆ ಹಲ್ಲು ಕಡಿಯುವ ಸದ್ದು. ಕೈ ಬಿಳಿಯನ ಹೊಟ್ಟೆಯಲ್ಲಿತ್ತು, ಕಿವಿ ಕೆಂದನ ಹತ್ತಿರ. ಹೊಲಿಗೆ ಹಾಕುವಾಗ ಸದ್ದು ನಿಂತಿತು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಗಂಟು ಬಿಗಿಯುತ್ತಲೇ ಇದ್ದೆ.

ಕೈ ತೊಳೆದುಕೊಂಡು ಬಂದಾಗ ನೀಲಮ್ಮ ಹಾಗೆಯೇ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನ ಮುಖ ನೋಡಿ ಕೇಳಿದಳು:

"ನೀವು ಆ ಒಂದು ಅಂಕಿ ಅಂದ್ರಲ್ಲ. ಅದು ನಾ ಹಾಕಿದ ಬೋಗುಣೀನಾ? ಲೆಕ್ಕ ಹಾಕಿ ಹೇಳ್ರಿ."

ಮೂವತ್ತಕ್ಕೂ ಹೆಚ್ಚು ವರ್ಷದ ನೌಕರಿಯಲ್ಲಿ ಇಂಥ ಲೆಕ್ಕ ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಕೊಟ್ರಪ್ಪ ಅಂದ: "ನಿನ್ನ ಬೋಗುಣಿ ಅಲ್ಲ ಅದು. ನನ್ನ ಮಜ್ಜಿಗಿ. ಹುಳಿಗಿ ಹುಳಿ ಅಂತ ಡಾಕ್ಟ್ರಮ್ಮಾರ ಬೈದರಲ್ಲ, ಕೇಳಿಲ್ಲೇನು?" ಎಂದವನು ನನ್ನ ಕಡೆ ತಿರುಗಿದ. ಹೌದು ಅನ್ರಿ ಎಂದು ಅವನ ಕಣ್ಣು ಬೇಡುತ್ತಿತ್ತು.

ನಿಜ ಏನೆಂದು ನನಗೆ ಗೊತ್ತಿತ್ತು. ಮಜ್ಜಿಗೆಯ ಪಿಎಚ್ ನಾಲ್ಕೂವರೆಯ ಹತ್ತಿರ. ಒಂದೆರಡು ಲೀಟರು ಮಜ್ಜಿಗೆ, ಆಗಲೇ ಅಷ್ಟು ಹುಳಿಯಾಗಿದ್ದ ಎತ್ತಿನ ಹೊಟ್ಟೆಗೆ ಹೋದರೆ ಕಾಗದದ ಬಣ್ಣವೂ ಬದಲಾಗುವುದಿಲ್ಲ. ಕೆಂದನನ್ನು ಕೊಂದದ್ದು ಕಾಳು. ಎರಡಕ್ಕೂ ಸಮನಾಗಿ ಹಾಕಿದ್ದರಿಂದ ಐದು. ಅದರ ಮೇಲಿನ ಬೋಗುಣಿಯಿಂದ ನಾಲ್ಕು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಚೀಲ ಕಟ್ಟಿಕೊಂಡು ಜೀಪು ಹತ್ತಿದೆ.

ಬಿಳಿಯ ಬದುಕಿತು. ಹೊಲಿಗೆ ಬಿಚ್ಚಲು ಹೋದಾಗ ಊರಿನಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತ್ತು: ಎತ್ತಿಗೆ ಮಜ್ಜಿಗೆ ವಿಷ. ಹುಗ್ಗಿಯ ಬಗ್ಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮುಂದಿನ ಹೊನ್ನುಗ್ಗಿಗೆ ಮಜ್ಜಿಗೆ ಮುಚ್ಚಿಟ್ಟು ಬೋಗುಣಿ ತುಂಬುತ್ತಾರೆ, ಇನ್ನಷ್ಟು ಎತ್ತು ಬೀಳುತ್ತವೆ. ತಡೆಯಬೇಕಾದರೆ ಊರ ಮುಂದೆ ನಿಂತು ನಿಜ ಹೇಳಬೇಕು. ಹೇಳಿದರೆ ಅದು ನೇರ ನೀಲಮ್ಮನ ತಲೆಯ ಮೇಲೆ. ಇಡೀ ವರ್ಷ ಈ ಮಾತು ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಅವಳ ಪ್ರಶ್ನೆ, ಮಜ್ಜಿಗೆ ಬಡಿಸಿಕೊಂಡರೆ ಕೊಟ್ರಪ್ಪನ ಕಣ್ಣು.

ಮುಂದಿನ ಕಾರಹುಣ್ಣಿಮೆಗೆ ವಾರವಿರುವಾಗ ಆ ಊರ ಶಾಲೆಯ ಕಟ್ಟೆಯ ಮೇಲೆ ಜನರನ್ನು ಕೂಡಿಸಿದೆ. ಹೆಂಗಸರೂ ಬರಲೇಬೇಕೆಂದು ಹೇಳಿಕಳಿಸಿದ್ದೆ, ಹುಗ್ಗಿ ಬೇಯಿಸುವವರು ಅವರೇ. ನೀಲಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕೊಟ್ರಪ್ಪ ಗಂಡಸರ ನಡುವೆ. ನಿಂಬೆರಸ, ಮಜ್ಜಿಗೆ, ಅಡುಗೆ ಸೋಡಾ ನೀರು ಮೂರರಲ್ಲೂ ಕಾಗದ ಅದ್ದಿ ಬಣ್ಣ ತೋರಿಸಿದೆ. ಮಜ್ಜಿಗೆ ಎತ್ತನ್ನು ಕೊಲ್ಲುವುದಿಲ್ಲ ಎಂದೆ. ಹಾಗಾದರೆ ಕೊಟ್ರಪ್ಪನ ಕೆಂದ ಯಾಕೆ ಸತ್ತಿತು ಎಂದು ಹಿಂದಿನಿಂದ ಯಾರೋ ಕೇಳಿದರು. ಜೋರು ಬಾಯಿಯ ಡಾಕ್ಟ್ರಮ್ಮ ಮೂಕಿಯಂತೆ ನಿಂತೆ.

ನೀಲಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಹೆಂಗಸರ ಕಡೆ ತಿರುಗಿದಳು.

"ನಾನು ಒಂದು ಬೋಗುಣಿ ಹೆಚ್ಚಿಗಿ ಹಾಕಿದ್ದೆ. ಅದಕ್ಕ ಹೋತು. ನೀವು ಹಾಕಬ್ಯಾಡ್ರಿ."

ಕೊಟ್ರಪ್ಪ ಎದ್ದು ಏನೋ ಹೇಳಹೊರಟ. ಅವಳು ಅವನನ್ನು ನೋಡಿ ಮೆಲ್ಲಗೆ ಅಂದಳು: "ಸಾಕ್ರಿ. ನನಗ ಆವತ್ತ ಗೊತ್ತಿತ್ತು. ನೀವು ನನ್ನ ಸಲುವಾಗಿ ಹೊತ್ತೀರಿ, ನಾ ನಿಮ್ಮ ಸಲುವಾಗಿ ಸುಮ್ಮನಿದ್ದೆ."

ಅವನು ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ಒಂದು ಎತ್ತಿಗೆ ಎಷ್ಟು ಹುಗ್ಗಿ, ಎಷ್ಟು ಒಣಮೇವು ಎಂದು ಉಳಿದದ್ದನ್ನು ಹೇಳಿ ಮುಗಿಸಿದೆ. ಆ ವರ್ಷ ಆ ಊರಿನಿಂದ ನನಗೆ ಫೋನ್ ಬರಲಿಲ್ಲ.

ಪಿಎಚ್ ಅಳೆಯುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಅಳೆದ ಅಂಕಿಯನ್ನು ಯಾರ ಮುಂದೆ ಇಡುತ್ತೇವೆ, ಅದು ಅವರ ಮನೆಯಲ್ಲಿ ಎಷ್ಟು ವರ್ಷ ಕೂತಿರುತ್ತದೆ ಎಂಬುದನ್ನು ಕಲಿಸುವುದಿಲ್ಲ, ನೌಕರಿಯೇ ಕಲಿಸಬೇಕು. ಹೇಳದೆ ಇರುವಂತೆಯೂ ಇಲ್ಲ, ಹೇಳಿದರೆ ಎತ್ತುಗಳು ಬದುಕುತ್ತವೆ. ಆದರೆ ಅವತ್ತು ಕಟ್ಟೆಯ ಮೇಲೆ ಆ ಮಾತನ್ನು ಹೇಳಬೇಕಾಗಿದ್ದವಳು ನಾನು. ಹೇಳಿದವಳು ನೀಲಮ್ಮ.